ಮಲ್ಪೆಯ ಶಿಲಾಸ್ತಂಭಗಳು ಮತ್ತು ಮಡಗಾಸ್ಕರಿನ ಅಗಲಿಕೆ

ಉಡುಪಿ ಜಿಲ್ಲೆಯ ಮಲ್ಪೆ ಕಡಲತೀರದಾಚೆಗಿನ ಸೇಂಟ್ ಮೇರೀಸ್ ದ್ವೀಪಗಳು ವಾಸ್ಕೋ ಡ ಗಾಮನು 1498ರಲ್ಲಿ ಅಲ್ಲಿಳಿದನೆಂಬ ಐತಿಹ್ಯದಿಂದ ಹೆಸರಾಗಿದ್ದರೂ, ಅವುಗಳ ನಿಜವಾದ ಇತಿಹಾಸವಿರುವುದು ಕಲ್ಲಿನಲ್ಲಿ. ಐದು, ಆರು, ಏಳು ಮುಖಗಳ ಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸಿದಂತೆ ಕಾಣುವ ಈ ಬಂಡೆಗಳು, ಹರಿದು ನಿಂತ ಲಾವಾ ತಣಿದು ಕುಗ್ಗುವಾಗ ಒಳಗಿಳಿದ ಬಿರುಕುಗಳಿಂದ ರೂಪುಗೊಂಡವು. ಇವನ್ನು ಬಸಾಲ್ಟ್ ಎಂದು ಬರೆಯುವ ರೂಢಿ ವ್ಯಾಪಕವಾಗಿದೆಯಾದರೂ ಅದು ಸರಿಯಲ್ಲ. ಬಸಾಲ್ಟ್ ಸಿಲಿಕಾ ಅಂಶ ಕಡಿಮೆಯಿರುವ ಕಪ್ಪು ಶಿಲೆ, ಇಲ್ಲಿರುವುದು ಸಿಲಿಕಾ ಸಮೃದ್ಧವಾದ ರಯೋಲೈಟ್ ಮತ್ತು ಡೇಸೈಟ್ ವರ್ಗದ ಶಿಲೆ. ದಖ್ಖನ್ ಪ್ರಸ್ಥಭೂಮಿಯ ಲಾವಾ ಸುಮಾರು 6.6 ಕೋಟಿ ವರ್ಷ ಹಿಂದಿನದಾದರೆ, ಮಲ್ಪೆಯ ಶಿಲೆಗಳ ವಯಸ್ಸು ಸುಮಾರು 8.5ರಿಂದ 9.1 ಕೋಟಿ ವರ್ಷವೆಂದು ಕಾಲಮಾಪನಗಳು ತೋರಿಸುತ್ತವೆ. ಭಾರತ ಮತ್ತು ಮಡಗಾಸ್ಕರ್ ಪರಸ್ಪರ ಅಗಲಿದ್ದು ಇದೇ ಅವಧಿಯಲ್ಲಿ.

ಭಾರತ, ಆಫ್ರಿಕಾ, ದಕ್ಷಿಣ ಅಮೆರಿಕ, ಆಸ್ಟ್ರೇಲಿಯಾ ಮತ್ತು ಅಂಟಾರ್ಕ್ಟಿಕಾಗಳು ಒಂದಾಗಿದ್ದ ಮಹಾಖಂಡಕ್ಕೆ ಮಧ್ಯ ಭಾರತದ ಗೊಂಡವಾನ ಪ್ರದೇಶದ ಹೆಸರನ್ನು ಬಳಕೆಗೆ ತಂದವನು ಆಸ್ಟ್ರಿಯಾದ ಭೂವಿಜ್ಞಾನಿ ಎಡ್ವರ್ಡ್ ಸ್ಯೂಸ್. ನಡುವಿನ ನೆಲ ಕುಸಿದು ಸಾಗರಗಳಾದವೆಂದು ಅವನು ಭಾವಿಸಿದ್ದನು. ಖಂಡಗಳೇ ಸರಿದವೆಂದು 1912ರಲ್ಲಿ ವಾದಿಸಿದವನು ಆಲ್ಫ್ರೆಡ್ ವೆಗೆನರ್. ಅದೇ ವರ್ಷ ದಕ್ಷಿಣ ಧ್ರುವದಿಂದ ಹಿಂದಿರುಗುವಾಗ ಮಡಿದ ರಾಬರ್ಟ್ ಸ್ಕಾಟ್‌ನ ತಂಡವು ಕೊನೆಯವರೆಗೂ ಎಳೆದು ತಂದಿದ್ದ ಸುಮಾರು 16 ಕಿಲೋ ಕಲ್ಲುಗಳಲ್ಲಿ, ಭಾರತದ ಕಲ್ಲಿದ್ದಲು ಪದರಗಳಲ್ಲಿ ಹೇರಳವಾಗಿ ಸಿಗುವ ಗ್ಲಾಸಾಪ್ಟೆರಿಸ್ ಎಂಬ ಸಸ್ಯದ ಎಲೆಯಚ್ಚುಗಳಿದ್ದವು. ಇಂಥ ಸಾಕ್ಷ್ಯವಿದ್ದೂ, ಖಂಡಗಳನ್ನು ಸರಿಸುವ ಬಲ ಯಾವುದೆಂಬ ಪ್ರಶ್ನೆಗೆ ಉತ್ತರವಿಲ್ಲದೆ ವೆಗೆನರ್‌ನ ವಾದ ದಶಕಗಳ ಕಾಲ ಬದಿಗೆ ಸರಿಯಿತು.

ಖಂಡಗಳು ಒಡೆದು ಸರಿಯುವುದಕ್ಕೆ, ಮಹಾಖಂಡವು ಕಂಬಳಿಯಂತೆ ತನ್ನಡಿಯ ಶಾಖವನ್ನು ತಡೆಹಿಡಿಯುತ್ತದೆಂಬುದು ಇಂದು ಪ್ರಬಲವಾಗಿರುವ ಒಂದು ವಿವರಣೆ. ಆಳದಿಂದ ಮೇಲೇಳುವ ಬಿಸಿ ಶಿಲಾರಾಶಿಯೂ ದೂರದ ಅಂಚುಗಳಲ್ಲಿ ಮುಳುಗುವ ಭೂಫಲಕಗಳ ಎಳೆತವೂ ಸೇರಿ ನೆಲವನ್ನು ಹಿಗ್ಗಿಸಿದಾಗ, ಅದು ತೆಳುವಾಗಿ ಬಿರಿದು, ಇಂದಿನ ಪೂರ್ವ ಆಫ್ರಿಕಾದಲ್ಲಿರುವಂತಹ ಬಿರುಕು ಕಣಿವೆಯಾಗುತ್ತದೆ. ಬಿರುಕು ಇನ್ನೂ ಅಗಲವಾದರೆ ಶಿಲಾರಸ ಮೇಲೆ ಬಂದು ಹೊಸ ಸಾಗರತಳವಾಗಿ ಹೆಪ್ಪುಗಟ್ಟುತ್ತದೆ, ಕೆಂಪು ಸಮುದ್ರದಲ್ಲಿ ಆಗುತ್ತಿರುವುದು ಇದೇ. ಹೀಗೆ ಹುಟ್ಟಿದ ತಳವು ಆಯಾ ಕಾಲದ ಭೂಕಾಂತತ್ವದ ದಿಕ್ಕನ್ನು ಬಿರುಕಿನ ಎರಡೂ ಬದಿಗೆ ಸಮಾನ ಪಟ್ಟೆಗಳಾಗಿ ಉಳಿಸಿಕೊಳ್ಳುತ್ತದೆಂದು ವೈನ್ ಮತ್ತು ಮ್ಯಾಥ್ಯೂಸ್ 1963ರಲ್ಲಿ ವಿವರಿಸಿದ ಮೇಲೆ ಖಂಡಗಳು ಸರಿಯುತ್ತವೆಂಬುದರ ಬಗ್ಗೆ ಸಂದೇಹಕ್ಕೆ ಹೆಚ್ಚು ಎಡೆ ಉಳಿಯಲಿಲ್ಲ.

ಭಾರತವು ಅಂಟಾರ್ಕ್ಟಿಕಾದಿಂದ ಸುಮಾರು 13 ಕೋಟಿ ವರ್ಷಗಳ ಹಿಂದೆ ಬೇರ್ಪಡತೊಡಗಿತು. ಬಳಿಕ ಮಡಗಾಸ್ಕರ್ ಬಳಿಯಲ್ಲಿದ್ದ ಮೇರಿಯನ್ ಎಂಬ ಬಿಸಿಬಿಂದುವಿನ, ಅಂದರೆ ಆಳದಿಂದ ಶಾಖ ಉಕ್ಕುವ ಸ್ಥಾನದ, ಪ್ರಭಾವದಲ್ಲಿ ಎರಡನೆಯ ಒಡಕು ಮೂಡಿತು. ಮಲ್ಪೆಯ ಲಾವಾ ಹೊರಬಂದದ್ದು ಈ ಘಟ್ಟದಲ್ಲಿಯೇ ಎಂಬುದು ಹೆಚ್ಚಿನವರ ಅಭಿಪ್ರಾಯ, ಮಡಗಾಸ್ಕರಿನ ಪೂರ್ವ ತೀರದಲ್ಲಿಯೂ ಅದೇ ಕಾಲದ ಜ್ವಾಲಾಮುಖಿ ಶಿಲೆಗಳಿವೆ. ಆದರೆ ಆಗ ತೆರೆದ ಸಾಗರವು ಬಹುಕಾಲ ಬೆಳೆಯಲಿಲ್ಲ: ದಖ್ಖನ್ ಲಾವಾದ ಕಾಲಕ್ಕೆ ಬಿರುಕು ಸೇಶೆಲ್ಸ್ ಮತ್ತು ಭಾರತದ ನಡುವಿಗೆ ಜಿಗಿಯಿತು, ಹಳೆಯದು ಕ್ರಮೇಣ ನಿಷ್ಕ್ರಿಯವಾಯಿತು. ಹೊಸ ಬಿರುಕಿನಿಂದ ಹುಟ್ಟಿದ ಕಾರ್ಲ್ಸ್‌ಬರ್ಗ್ ಏಣು ಇಂದಿಗೂ ವರ್ಷಕ್ಕೆ ಎರಡು-ಮೂರು ಸೆಂಟಿಮೀಟರಿನಷ್ಟು ಹೊಸ ಸಾಗರತಳವನ್ನು ಸೇರಿಸುತ್ತಿದೆ.