ಅಡಿಕೆಯನ್ನು ಹುಡುಕಿದ ಕತೆ: ಅಮರಕೋಶದಿಂದ ಅಂತರ್ಜಾಲದ ವಿಶ್ವಕೋಶದವರೆಗೆ

  

ಕಳೆದ ಕ್ರಿಸ್ಮಸ್ ರಜೆಯಲ್ಲಿ ಏಳನೆಯ ತರಗತಿಯ ಮೊಮ್ಮಗಳು ಮನೆಗೆ ಬಂದಿದ್ದಳು. ನಮ್ಮ ಊರಿನ ಒಂದು ಬೆಳೆಯ ಚರಿತ್ರೆಯನ್ನು ಬರೆದು ತರುವಂತೆ ಶಾಲೆಯಲ್ಲಿ ಹೇಳಿದ್ದರಂತೆ. ಅಂಗಳದ ತುಂಬ ಅಡಿಕೆ ಒಣಹಾಕಿತ್ತು. ಅದರ ನಡುವೆಯೇ ಕುಳಿತು ಮೊಬೈಲಿನಲ್ಲಿ ‘ಅಡಕೆಯ ಇತಿಹಾಸ’ ಎಂದು ಬರೆದು ಕನ್ನಡ ವಿಕಿಪೀಡಿಯದಲ್ಲಿ ಹುಡುಕಿದಳು. ಅರ್ಧ ನಿಮಿಷವೂ ಆಗಿರಲಿಲ್ಲ, ತಲೆಯೆತ್ತಿ, “ಅಜ್ಜ, ಕನ್ನಡದಲ್ಲಿ ಏನೂ ಇಲ್ಲ. ಇಂಗ್ಲಿಷಿನಲ್ಲಿ ನೋಡಲಾ?” ಎಂದಳು.

ಈ ಮಾತನ್ನು ನಾನು ಮೊದಲು ಕೇಳಿದ್ದು ಅಂದಲ್ಲ. ಅಧ್ಯಾಪಕನಾಗಿದ್ದಾಗ ಹುಡುಗನೊಬ್ಬ ಧೂಮಕೇತುವಿನ ಬಗ್ಗೆ ಏನನ್ನೋ ಕೇಳಿದ್ದ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಸಂಪುಟಗಳು ನಮ್ಮ ಕಪಾಟಿನಲ್ಲೇ ಇದ್ದವು. ಮಕ್ಕಳ ಕೈಗೆ ಕೊಟ್ಟರೆ ಹಾಳೆ ಹರಿದೀತೆಂಬ ಅಂಜಿಕೆಯಿಂದ ಬೀಗ ಹಾಕಿಟ್ಟಿದ್ದೆ. ಬೀಗದ ಕೈ ಹುಡುಕುವ ಸೋಮಾರಿತನಕ್ಕೆ, “ಅದೆಲ್ಲ ಇಂಗ್ಲಿಷ್ ಪುಸ್ತಕದಲ್ಲಿ ಇರುತ್ತದೆ” ಎಂದುಬಿಟ್ಟೆ. ಮುಂದಿನ ಜೂನ್ ತಿಂಗಳಲ್ಲಿ ಆ ಹುಡುಗ ಇಂಗ್ಲಿಷ್ ಮಾಧ್ಯಮಕ್ಕೆ ಹೋದ. ನನ್ನ ಒಂದು ಮಾತಿನಿಂದಲೇ ಹೋದನೆಂದು ಹೇಳಲಾರೆ. ಆದರೆ ಆ ಮಾತನ್ನು ಆಡಿದವನು ಕನ್ನಡ ಎಂ.ಎ. ಮಾಡಿದ ಕನ್ನಡ ಮೇಷ್ಟ್ರು ಎಂಬುದು ಇಂದಿಗೂ ಚುಚ್ಚುತ್ತದೆ.

ಆದ್ದರಿಂದ ಮೊಮ್ಮಗಳಿಗೆ ಉತ್ತರಿಸುವ ಮೊದಲು ಅಡಿಕೆಯನ್ನು ನಮ್ಮ ಹಿರಿಯರು ಎಲ್ಲೆಲ್ಲಿ ಹುಡುಕುತ್ತಿದ್ದರೆಂದು ಯೋಚಿಸಿದೆ. ಆ ಯೋಚನೆಯೇ ಈ ಬರಹವಾಗಿದೆ.

ಪುಸ್ತಕವೇ ವಿರಳವಾಗಿದ್ದ ಕಾಲದಲ್ಲಿ ಹುಡುಕಾಟವೆಂದರೆ ನೆನಪಿನೊಳಗಿನ ಹುಡುಕಾಟ. ಅಮರಕೋಶವನ್ನು ಬಾಯಿಪಾಠ ಮಾಡಿಸುತ್ತಿದ್ದುದು ಅದಕ್ಕಾಗಿ. ಅದರಲ್ಲಿ ಶಬ್ದಗಳು ಅಕಾರಾದಿಯಾಗಿ ಬರುವುದಿಲ್ಲ. ಸ್ವರ್ಗ, ಭೂಮಿ, ಪುರ, ಶೈಲ, ವನೌಷಧಿ ಎಂದು ವರ್ಗ ವರ್ಗವಾಗಿ ಬರುತ್ತವೆ. ಅಡಿಕೆ ವನೌಷಧಿ ವರ್ಗದ ಕೊನೆಯಲ್ಲಿ, ತಾಳೆ ಮತ್ತು ತೆಂಗುಗಳ ಪಕ್ಕದಲ್ಲಿದೆ. ಪೂಗ, ಕ್ರಮುಕ, ಗುವಾಕ, ಖಪುರ ಎಂಬ ಹೆಸರುಗಳನ್ನು ಅಲ್ಲಿ ಒಟ್ಟಿಗೆ ಪೋಣಿಸಿಟ್ಟಿದ್ದಾರೆ. ಒಂದನ್ನು ಬಲ್ಲವನಿಗೆ ಉಳಿದವು ತಾವಾಗಿ ನಾಲಗೆಗೆ ಬರುತ್ತವೆ. ಕಾವ್ಯದಲ್ಲಿ ‘ಕ್ರಮುಕ’ ಎಂದು ಕಂಡಾಗ ಅದು ನಮ್ಮ ತೋಟದ ಕಂಗೇ ಎಂದು ತಿಳಿಯಲು ಅವನಿಗೆ ಬೇರೆ ಗ್ರಂಥ ಬೇಡ. ಇಂದಿನ ಯಂತ್ರಕ್ಕೆ ಈ ವಿದ್ಯೆ ತಾನಾಗಿ ಬಾರದೆಂಬುದನ್ನು ಮುಂದೆ ನೋಡೋಣ.

ಕನ್ನಡ ನಾಡಿನಲ್ಲಿ ಸರ್ವವಿಷಯ ಸಂಗ್ರಹಗಳಿಗೆ ಸಾವಿರ ವರ್ಷಗಳ ಇತಿಹಾಸವಿದೆ. ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ ಕನ್ನಡದಲ್ಲೇ ಇರುವ ಗ್ರಂಥ. ಜ್ಯೋತಿಷ, ವಾಸ್ತು, ನೆಲದೊಳಗಿನ ನೀರನ್ನು ಗುರುತಿಸುವ ಬಗೆ, ವೃಕ್ಷಾಯುರ್ವೇದ, ಸುಗಂಧದ್ರವ್ಯ, ಅಡುಗೆ, ವಿಷವೈದ್ಯ ಹೀಗೆ ಗೃಹಸ್ಥನಿಗೆ ಬೇಕಾದುದನ್ನೆಲ್ಲ ಹನ್ನೆರಡು ಅಧ್ಯಾಯಗಳಲ್ಲಿ ಹೇಳುತ್ತದೆ. ಒಂದು ಶತಮಾನದ ಬಳಿಕ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದ. ಐದು ವಿಂಶತಿಗಳು, ಒಂದೊಂದರಲ್ಲಿ ಇಪ್ಪತ್ತು ಪ್ರಕರಣಗಳು, ಒಟ್ಟು ನೂರು. ಅದರಲ್ಲಿ ಅಡಿಕೆಯನ್ನು ಮರಗಿಡಗಳ ನಡುವೆ ಹುಡುಕಿ ಪ್ರಯೋಜನವಿಲ್ಲ. ಅರಸನ ಉಪಭೋಗಗಳ ವಿಂಶತಿಯಲ್ಲಿ, ತಾಂಬೂಲಭೋಗದ ಪ್ರಕರಣಕ್ಕೆ ಹೋಗಬೇಕು. ನಿಜಗುಣ ಶಿವಯೋಗಿಗಳ ‘ವಿವೇಕಚಿಂತಾಮಣಿ’ಯೂ ವಿಷಯಗಳನ್ನು ಹತ್ತು ಪ್ರಕರಣಗಳಲ್ಲಿ ಹಂಚಿ ಹೇಳುವಂಥದು. ಈ ಗ್ರಂಥಗಳಲ್ಲಿ ಬೇಕಾದುದು ದೊರೆಯಬೇಕಾದರೆ ಗ್ರಂಥಕರ್ತನ ಮನಸ್ಸಿನಲ್ಲಿ ಅದು ಯಾವ ಕೋಣೆಯಲ್ಲಿದೆಯೆಂದು ಮೊದಲೇ ಗೊತ್ತಿರಬೇಕು.

ಇಲ್ಲಿ ನಮ್ಮ ಜಿಲ್ಲೆಯವರು ಗಮನಿಸಬೇಕಾದ ಒಂದು ಸಂಗತಿಯಿದೆ. ಬೇಕಲ ಕೋಟೆಗೆ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯದ ಶಾಲೆ ಕಾಸರಗೋಡಿನಲ್ಲಿಲ್ಲ. ಅದನ್ನು ಕೆಳದಿಯ ಶಿವಪ್ಪನಾಯಕ ಕಟ್ಟಿಸಿದನೆಂದೂ ಹೇಳುತ್ತೇವೆ. ಅದೇ ವಂಶದ, ರಾಣಿ ಚೆನ್ನಮ್ಮಾಜಿಯ ದತ್ತುಪುತ್ರ ಬಸವಪ್ಪನಾಯಕನು ಹದಿನೆಂಟನೆಯ ಶತಮಾನದ ಆರಂಭದಲ್ಲಿ ‘ಶಿವತತ್ತ್ವರತ್ನಾಕರ’ ಎಂಬ ಬೃಹತ್ ಸಂಸ್ಕೃತ ವಿಶ್ವಕೋಶವನ್ನು ರಚಿಸಿದನೆಂದು ಎಷ್ಟು ಮಂದಿ ಹೇಳುತ್ತೇವೆ? ಹೆಸರಿನಲ್ಲಿ ರತ್ನಾಕರ, ಅಂದರೆ ಸಮುದ್ರ. ಆದ್ದರಿಂದ ಅಧ್ಯಾಯಗಳು ಕಲ್ಲೋಲ ಮತ್ತು ತರಂಗಗಳು. 9 ಕಲ್ಲೋಲ, 108 ತರಂಗ. ಕೋಟೆ ಕಣ್ಣಿಗೆ ಕಾಣುವುದರಿಂದ ಪಾಠದೊಳಗೆ ಸೇರಿತು, ಗ್ರಂಥ ಸೇರಲಿಲ್ಲ. ‘ಕೆಳದಿ’ ಎಂಬ ಒಂದು ಶಬ್ದವನ್ನು ಹಿಡಿದು ಹುಡುಕಿದರೆ ಕೋಟೆ, ಗ್ರಂಥ, ಕರಿಮೆಣಸಿನ ವ್ಯಾಪಾರ, ಶಿವಾಜಿಯ ಮಗ ರಾಜಾರಾಮನಿಗೆ ಚೆನ್ನಮ್ಮಾಜಿ ಕೊಟ್ಟ ಆಶ್ರಯ ಎಲ್ಲವೂ ಒಂದೇ ಬಲೆಗೆ ಬೀಳುತ್ತವೆ. ಸಂಬಂಧವೇ ಇಲ್ಲದವೆಂದು ತೋರುವ ವಿಷಯಗಳ ನಡುವಿನ ಸಂಬಂಧವನ್ನು ತೋರಿಸುವುದು ಶಬ್ದ ಹಿಡಿದು ಹುಡುಕುವ ಕ್ರಮದ ದೊಡ್ಡ ಗುಣ.

ಅಕಾರಾದಿಯ ಕ್ರಮ ನಮ್ಮಲ್ಲಿ ಗಟ್ಟಿಯಾಗಿ ನೆಲೆಯೂರಿದ್ದು ಮುದ್ರಣದ ಕಾಲದಲ್ಲಿ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದ ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು ಅದರ ಮಹಾನಿದರ್ಶನ. ಅಂದು ಕಾಸರಗೋಡೂ ಮಂಗಳೂರೂ ಒಂದೇ ದಕ್ಷಿಣ ಕನ್ನಡ ಜಿಲ್ಲೆ. ಗಡಿಯೆಂಬುದು 1956ರ ನವೆಂಬರ್ 1ರ ಮಾತು.

ಮಕ್ಕಳಿಗಾಗಿ ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ತಂದರು, ಮುಂದೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’. ನಿರಂಜನರ ಸಂಪಾದಕತ್ವದಲ್ಲಿ ಕಿರಿಯರಿಗಾಗಿ ‘ಜ್ಞಾನಗಂಗೋತ್ರಿ’ ಏಳು ಸಂಪುಟಗಳಲ್ಲಿ ಬಂತು. ಇವು ವಿಷಯಕ್ರಮದವು. ಮೈಸೂರಿನ ವಿಶ್ವಕೋಶವಾದರೋ ಅಕಾರಾದಿ. ಮೊದಲ ಸಂಪುಟ ಹೊರಟದ್ದು 1969ರಲ್ಲಿ. ಹದಿನಾಲ್ಕನೆಯದು ಬರುವಷ್ಟರಲ್ಲಿ ಮೂರು ದಶಕಗಳೇ ಕಳೆದಿದ್ದವು. ಅಕಾರಾದಿಗೆ ಒಂದು ತಮಾಷೆಯ ಸ್ವಭಾವವಿದೆ: ಅಕ್ಷರದ ನೆಂಟಸ್ತಿಕೆ ಬಿಟ್ಟರೆ ಬೇರೆ ನೆಂಟಸ್ತಿಕೆ ಅದಕ್ಕೆ ಗೊತ್ತಿಲ್ಲ. ಅಡಿಕೆಯನ್ನು ಹುಡುಕ ಹೊರಟವನಿಗೆ ದಾರಿಯಲ್ಲಿ ಆಸ್ಟ್ರೇಲಿಯದ ಅಡಿಲೇಡ್ ನಗರ ಎದುರಾದರೂ ಆಶ್ಚರ್ಯವಿಲ್ಲ. ನನ್ನ ಸಾಮಾನ್ಯಜ್ಞಾನದ ಬಹುಭಾಗ ಹೀಗೆ ದಾರಿ ತಪ್ಪಿದಾಗ ಬಂದದ್ದು.

ಇನ್ನು ಅಂತರ್ಜಾಲದ ವಿಶ್ವಕೋಶ. ವಿಕಿಪೀಡಿಯ ಮೊದಲು ಇಂಗ್ಲಿಷಿನಲ್ಲಿ ಆರಂಭವಾದದ್ದು 2001ರ ಜನವರಿ 15ರಂದು, ಕನ್ನಡದ್ದು 2003ರಲ್ಲಿ. 2016ರಲ್ಲಿ ತುಳು ವಿಕಿಪೀಡಿಯವೂ ಕನ್ನಡ ಲಿಪಿಯಲ್ಲಿ ಕಣ್ತೆರೆಯಿತು. ಮೈಸೂರು ವಿಶ್ವವಿದ್ಯಾನಿಲಯವು 2014ರಲ್ಲಿ ತನ್ನ ವಿಶ್ವಕೋಶದ ಸಂಪುಟಗಳನ್ನು ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ನಾನು ಬೀಗ ಹಾಕಿಟ್ಟ ಕಪಾಟಿಗೆ ಮೈಸೂರಿನವರು ಬೇರೊಂದು ಬಾಗಿಲು ತೆರೆದಂತಾಯಿತು.

ಇಲ್ಲಿ ಹುಡುಕಲು ವರ್ಗವನ್ನೂ ತಿಳಿಯಬೇಕಿಲ್ಲ, ಅಕಾರಾದಿಯನ್ನೂ ತಿಳಿಯಬೇಕಿಲ್ಲ. ಒಂದು ಶಬ್ದ ಸಾಕು. ಯಂತ್ರವು ಎಲ್ಲ ಪುಟಗಳ ಎಲ್ಲ ಶಬ್ದಗಳನ್ನೂ ಬಿಡಿಸಿ, ಯಾವ ಶಬ್ದ ಯಾವ ಯಾವ ಪುಟಗಳಲ್ಲಿದೆ ಎಂಬ ಪದಸೂಚಿಯನ್ನು ಮೊದಲೇ ಸಿದ್ಧಪಡಿಸಿಟ್ಟಿರುತ್ತದೆ. ಕಲ್ಪನೆ ಹೊಸದೇನಲ್ಲ, ಋಗ್ವೇದದ ಸೂಕ್ತಗಳಿಗೆ ಮೊದಲ ಪದ, ಋಷಿ, ದೇವತೆ, ಛಂದಸ್ಸುಗಳ ಸೂಚಿಯನ್ನು ಕಾತ್ಯಾಯನನ ‘ಸರ್ವಾನುಕ್ರಮಣಿ’ ಎಂದೋ ಕೊಟ್ಟಿತ್ತು. ಯಂತ್ರದ ಸೂಚಿ ಮಾತ್ರ ಮಹಾ ಅಕ್ಷರನಿಷ್ಠ. ಬರೆದ ಶಬ್ದ ಯಥಾವತ್ತಾಗಿ ಇದ್ದರೆ ಉಂಟು, ಇಲ್ಲವಾದರೆ ಇಲ್ಲ. ಇಂಗ್ಲಿಷಿನಂಥ ಭಾಷೆಗಳಿಗೆ ಪ್ರತ್ಯಯವನ್ನು ಕಳೆದು ಮೂಲರೂಪವನ್ನು ಕಾಣುವ ಉಪಾಯವನ್ನು ಯಂತ್ರಕ್ಕೆ ಚೆನ್ನಾಗಿ ಕಲಿಸಿದ್ದಾರೆ. ಕನ್ನಡಕ್ಕೆ ಆ ಕೆಲಸ ಅಷ್ಟು ನಡೆದಿಲ್ಲ. ನಮ್ಮದೋ ವಿಭಕ್ತಿ, ಸಂಧಿ, ಸಮಾಸಗಳ ಭಾಷೆ.

ಮೊಮ್ಮಗಳ ‘ಇಲ್ಲ’ದ ಗುಟ್ಟು ಇಷ್ಟೇ. ‘ಅಡಕೆ’, ‘ಅಡಿಕೆ’ ಎರಡೂ ಸಾಧು ರೂಪಗಳು. ಪುತ್ತೂರಿನ ಕೃಷಿಕರ ಪತ್ರಿಕೆ ‘ಅಡಿಕೆ ಪತ್ರಿಕೆ’ಯಾದರೆ, ನಮ್ಮ ಮನೆಮಾತಿನಲ್ಲಿ ಅದು ‘ಅಡಕೆ’. ಯಂತ್ರಕ್ಕೆ ಇವು ಎರಡು ಬೇರೆ ವಸ್ತುಗಳು. ಅದರ ಮೇಲೆ ಅವಳು ಷಷ್ಠೀ ವಿಭಕ್ತಿಯನ್ನು ಬೇರೆ ಹಚ್ಚಿದ್ದಳು. ಪ್ರತ್ಯಯವನ್ನು ಕಳಚಿ ‘ಅಡಿಕೆ’ ಎಂದಷ್ಟೇ ಬರೆದು, ಕೊನೆಗೊಂದು ನಕ್ಷತ್ರ ಚಿಹ್ನೆ ಇಡಲು ಹೇಳಿದೆ. ಆ ಚಿಹ್ನೆಯಿದ್ದರೆ ‘ಅಡಿಕೆಯ’, ‘ಅಡಿಕೆಯನ್ನು’, ‘ಅಡಿಕೆಗೆ’ ಎಲ್ಲವೂ ಬರುತ್ತವೆ. ಆಮೇಲೆ ‘ಅಡಕೆ’, ‘ಕಂಗು’, ‘ತಾಂಬೂಲ’ಗಳನ್ನೂ ಒಂದೊಂದಾಗಿ ಹಾಕಿಸಿದೆ. ತುಳುವಿನಲ್ಲಾದರೆ ‘ಬಜ್ಜೆಯಿ’ ಎಂದೇ ಹುಡುಕಬೇಕು.

ನಕ್ಷತ್ರಕ್ಕೂ ಮಿತಿಯುಂಟು. ‘ಮರ’ದ ಮುಂದೆ ಅದನ್ನಿಟ್ಟರೆ ‘ಮರದ’, ‘ಮರಕ್ಕೆ’ಗಳ ಜೊತೆ ಮರಳು, ಮರಣ, ಮರಾಠಿಗಳೂ ಮೆರವಣಿಗೆ ಬರುತ್ತವೆ. ‘ಊರು’ ಎಂದು ಬರೆದು ನಕ್ಷತ್ರವಿಟ್ಟರೆ ‘ಊರಿಗೆ’ ಸಿಗದು, ಏಕೆಂದರೆ ಅಲ್ಲಿ ಉಕಾರ ಲೋಪವಾಗಿದೆ; ‘ಊರ’ ಎಂದು ಬರೆದು ಇಡಬೇಕು. ಎಂಟನೆಯ ತರಗತಿಯಲ್ಲಿ ಲೋಪಸಂಧಿ ಕಲಿಸುವಾಗ, “ಇದರಿಂದೇನು ಉಪಯೋಗ ಸಾರ್?” ಎಂದು ಕೇಳಿದ ಮಕ್ಕಳಿಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ.

ಅಂತೂ ಆ ಮಧ್ಯಾಹ್ನ ಒಂದು ಶಬ್ದದಿಂದ ಹೊರಟವಳು ಎಲ್ಲೆಲ್ಲಿಗೋ ಹೋದಳು. 1753ರಲ್ಲಿ ಲಿನೇಯಸ್ ಇಟ್ಟ ‘ಅರೆಕಾ ಕಟೆಚು’ ಎಂಬ ಶಾಸ್ತ್ರೀಯ ನಾಮದಲ್ಲಿ ಮಲಯಾಳದ ‘ಅಡಕ್ಕ’ ಪೋರ್ಚುಗೀಸರ ಬಾಯಿಯಿಂದ ಹಾದು ಬಂದು ಕುಳಿತಿದೆಯೆಂದು ಹೇಳಿದಾಗ ಅವಳಿಗೆ ಬಹಳ ಖುಷಿಯಾಯಿತು. ಕರ್ನಾಟಕ ಮತ್ತು ಕೇರಳದ ಬೆಳೆಗಾರರು ಸೇರಿ 1973ರಲ್ಲಿ ಕ್ಯಾಂಪ್ಕೊ ಸಹಕಾರ ಸಂಘವನ್ನು ಕಟ್ಟಿದ್ದು, ಕಾಸರಗೋಡಿನಲ್ಲೇ ಇರುವ ಕೇಂದ್ರೀಯ ತೋಟಬೆಳೆ ಸಂಶೋಧನಾಲಯ, ಬಾಯಿಯ ಕ್ಯಾನ್ಸರಿಗೂ ಅಡಿಕೆ ಜಗಿಯುವುದಕ್ಕೂ ಇರುವ ಸಂಬಂಧ ಎಲ್ಲವನ್ನೂ ಬರೆದುಕೊಂಡಳು. ಕೊನೆಯದನ್ನು ಓದಿ ನನ್ನ ವೀಳ್ಯದ ತಟ್ಟೆಯನ್ನೊಮ್ಮೆ ನೋಡಿದಳು. ಇಂಗ್ಲಿಷ್ ಪುಟವನ್ನೂ ಮಲಯಾಳದ ಪುಟವನ್ನೂ ಕೊನೆಗೆ ನೋಡಿಸಿದೆ, ಅದರಲ್ಲಿ ತಪ್ಪಿಲ್ಲ. ಕನ್ನಡದಲ್ಲಿ ಹುಡುಕಿ ಮುಗಿಸಿದ ಮೇಲೆ ನೋಡಿದ್ದು, ಅಷ್ಟೆ.

ಹೆಸರುಗಳ ತೊಡಕು ನಮ್ಮಂಥ ಗಡಿಯವರಿಗೆ ಇನ್ನೂ ಹೆಚ್ಚು. ಮಂಜೇಶ್ವರವನ್ನು ಮಂಜೇಶ್ವರಂ ಎಂದೂ ನೆಲ್ಲಿಕುಂಜವನ್ನು ನೆಲ್ಲಿಕುನ್ನು ಎಂದೂ ಬರೆಯುತ್ತಾರೆ. ಹೊಸದುರ್ಗ ತಾಲೂಕಿನ ಮುಖ್ಯ ಪಟ್ಟಣ ಕಾಞಂಗಾಡು. ಸೊಲ್ಲಾಪುರ ಎಂದು ಹುಡುಕುವ ಮಗುವಿಗೂ ಸೋಲಾಪುರ ಎಂದು ಬರೆದ ಪುಟಕ್ಕೂ ಭೇಟಿಯಾಗದೆ ಹೋಗಬಹುದು. ವಿಕಿಪೀಡಿಯದಲ್ಲಿ ಇದಕ್ಕೆ ‘ಪುನರ್ನಿರ್ದೇಶನ’ ಎಂಬ ಪರಿಹಾರವಿದೆ. ಒಂದು ಹೆಸರಿನಿಂದ ಬಂದವರನ್ನು ಇನ್ನೊಂದು ಹೆಸರಿನ ಪುಟಕ್ಕೆ ಕರೆದೊಯ್ಯುವ ಸಣ್ಣ ಪುಟವದು, ಅಮರಕೋಶ ಮಾಡಿದ ಕೆಲಸವೇ. ಖಾತೆ ತೆರೆದ ಯಾರೂ ಅದನ್ನು ಎರಡು ನಿಮಿಷದಲ್ಲಿ ಮಾಡಬಹುದು. ನಿಮ್ಮ ಊರಿಗೆ ಎಷ್ಟು ಹೆಸರುಗಳಿವೆಯೋ ಅಷ್ಟನ್ನೂ ಬಲ್ಲವರು ನೀವೇ.

ಕೊನೆಯದಾಗಿ ನನ್ನದೇ ಒಂದು ಪ್ರಮಾದವನ್ನು ಹೇಳಬೇಕು. ನಮ್ಮ ಶಾಲೆಯ ಮಹೋತ್ಸವಕ್ಕೆ ಒಂದು ಸ್ಮರಣ ಸಂಚಿಕೆಯನ್ನು ತಂದಿದ್ದೆವು. 1956ರಲ್ಲಿ ತರಗತಿಯಲ್ಲಿ ನಿಂತಿದ್ದ ಮೇಷ್ಟ್ರುಗಳ ನೆನಪುಗಳು, ಶಾಲೆಗೆ ಜಾಗ ಕೊಟ್ಟವರ ಮಾತುಗಳು ಅದರಲ್ಲಿವೆ. ಬರೆದವರಲ್ಲಿ ಹೆಚ್ಚಿನವರು ಇಂದಿಲ್ಲ. ಅದರ ಕಡತವನ್ನು ಅಂತರ್ಜಾಲಕ್ಕೇರಿಸಿ ಕೃತಾರ್ಥನಾದೆನೆಂದುಕೊಂಡಿದ್ದೆ. ಈ ರಜೆಯಲ್ಲಿ ಹುಡುಕಿದರೆ ಶಾಲೆಯ ಹೆಸರಿಗೂ ಅದು ಸಿಗಲಿಲ್ಲ. ಕಾರಣ ತಿಳಿಯಲು ಎರಡು ದಿನ ಬೇಕಾಯಿತು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ದೊರೆತಿದ್ದರೂ ನಮ್ಮ ಅಚ್ಚುಕೂಟಗಳಲ್ಲಿ ಬಹುಕಾಲ ಹಳೆಯ ಅಕ್ಷರಶೈಲಿಗಳೇ ನಡೆದವು. ಅವುಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡವಾದರೂ ಒಳಗೆ ದಾಖಲಾಗಿರುವುದು ರೋಮನ್ ಅಕ್ಷರ, ಚಿಹ್ನೆಗಳ ಸಂಕೇತಗಳು. ಯಂತ್ರದ ಪಾಲಿಗೆ ನಮ್ಮ ಹಿರಿಯರ ನೆನಪುಗಳೆಲ್ಲ ಅರ್ಥವಿಲ್ಲದ ಗೀಚು. ಪುಸ್ತಕ ಇದೆ, ಸಿಗುವುದಿಲ್ಲ. ನಿಮ್ಮ ಶಾಲೆಗಳ ಹಳೆಯ ಸಂಚಿಕೆಗಳ ಕಡತಗಳನ್ನು ಒಮ್ಮೆ ತೆರೆದು, ಒಂದು ಸಾಲನ್ನು ನಕಲಿಸಿ ಬೇರೆಡೆ ಅಂಟಿಸಿ ನೋಡಿರಿ. ಕನ್ನಡ ಬಂದರೆ ಸರಿ, ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರಗಳು ಬಂದರೆ ನಿಮ್ಮದೂ ನನ್ನದರಂತೆಯೇ. ಹಳೆಯ ಅಕ್ಷರಗಳನ್ನು ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳಿವೆ, ಆದರೆ ಒತ್ತಕ್ಷರ, ಅರ್ಕಾವತ್ತುಗಳಲ್ಲಿ ಎಡವುತ್ತವೆ. ಪುಟ ಪುಟವಾಗಿ ಕಣ್ಣಿಟ್ಟು ತಿದ್ದಬೇಕು.

ನಾನು ತಿದ್ದುತ್ತಿದ್ದೇನೆ. ಒಟ್ಟು 96 ಪುಟಗಳಲ್ಲಿ 41 ಆಗಿವೆ. ಮೊಮ್ಮಗಳು ಶನಿವಾರಗಳಲ್ಲಿ ಫೋನಿನಲ್ಲಿ ಮೂಲವನ್ನು ಓದಿ ಹೇಳುತ್ತಾಳೆ, ನಾನು ಪರದೆಯಲ್ಲಿ ಅಕ್ಷರ ಸರಿಪಡಿಸುತ್ತೇನೆ. ಕಳೆದ ವಾರದ ಪುಟದಲ್ಲಿ, ಶಾಲೆಯ ಮೊದಲ ಕಟ್ಟಡದ ಮಾಡಿಗೆ ಅಡಿಕೆ ಸಲಾಕೆ ಕೊಟ್ಟ ಮನೆಗಳ ಪಟ್ಟಿ ಇತ್ತು. ಅಲ್ಲಿ ‘ಅಡಕೆ’ ಎಂದು ಅಚ್ಚಾಗಿತ್ತು. ಹಾಗೆಯೇ ಇರಲೆಂದು ಬಿಟ್ಟಿದ್ದೇವೆ.