ಚಟ ಬಿಟ್ಟು ಊರಿಗೆ ಬಂದ ಸೈನಿಕರು

ಚಟ ಹತ್ತಿದವನು ಚಟ್ಟ ಹತ್ತೋ ತನಕ ಬಿಡಲ್ಲ ಅಂತ ನಮ್ಮ ಹಳ್ಳಿ ಕಡೆ ಹೇಳ್ತಾರೆ. 1971ರಲ್ಲಿ ಅಮೆರಿಕಾ ಸರ್ಕಾರವೂ ಹೆಚ್ಚುಕಡಿಮೆ ಹೀಗೇ ನಂಬಿ ಬೆಚ್ಚಿಬಿದ್ದಿತ್ತು.

ಅದು ವಿಯೆಟ್ನಾಂ ಯುದ್ಧದ ಕಾಲ. ಅಲ್ಲಿ ಹೆರಾಯಿನ್ ಅಗ್ಗ, ಶುದ್ಧ, ಕೇಳಿದಲ್ಲಿ ಸಿಗ್ತಿತ್ತು. ಸೂಜಿಯೂ ಬೇಡ, ಸಿಗರೇಟಿಗೆ ಬೆರೆಸಿ ಸೇದಿದರೆ ಸಾಕು. ಅಲ್ಲಿರುವ ಸೈನಿಕರಲ್ಲಿ ಶೇಕಡಾ 10ರಿಂದ 15 ಮಂದಿ ಇದಕ್ಕೆ ದಾಸರಾಗಿದ್ದಾರೆ ಎಂದು ರಾಬರ್ಟ್ ಸ್ಟೀಲ್ ಮತ್ತು ಮಾರ್ಗನ್ ಮರ್ಫಿ ಎಂಬ ಇಬ್ಬರು ಸಂಸದರು ವರದಿ ಕೊಟ್ಟರು. ಇವರೆಲ್ಲ ವಾಪಸ್ ಬಂದರೆ ಊರುಗಳ ಗತಿಯೇನು?

ಅಧ್ಯಕ್ಷ ನಿಕ್ಸನ್ ಜೂನ್‌ನಲ್ಲಿ ಹೊಸ ಕಚೇರಿಯೊಂದನ್ನು ತೆರೆದು, ಮನೋವೈದ್ಯ ಜೆರೋಮ್ ಜಾಫೆಯನ್ನು ಅದರ ಮುಖ್ಯಸ್ಥನನ್ನಾಗಿ ಮಾಡಿದರು. ಜಾಫೆ ತಂದ ನಿಯಮ ಸರಳ: ಮನೆಗೆ ಹೋಗುವ ವಿಮಾನ ಹತ್ತುವ ಮೊದಲು ಮೂತ್ರಪರೀಕ್ಷೆ. ಸಿಕ್ಕಿಬಿದ್ದವರು ಅಲ್ಲೇ ಉಳಿದು ನಶೆ ಇಳಿಸಿಕೊಂಡೇ ಹೊರಡಬೇಕು.

ಆಮೇಲೆ ಲೀ ರಾಬಿನ್ಸ್ ಎಂಬ ಸಂಶೋಧಕಿ ಹಿಂದಿರುಗಿದ ಸೈನಿಕರನ್ನು ಹುಡುಕಿ ಮಾತಾಡಿಸಿದರು. ಸುಮಾರು ಐವರಲ್ಲಿ ಒಬ್ಬ, ತಾನು ಅಲ್ಲಿ ಚಟಕ್ಕೆ ಬಿದ್ದಿದ್ದೆ ಎಂದು ಒಪ್ಪಿಕೊಂಡ. ಆದರೆ ಹಾಗೆ ಬಿದ್ದವರಲ್ಲಿ ಊರಿಗೆ ಬಂದ ಮೊದಲ ವರ್ಷ ಮತ್ತೆ ದಾಸರಾದವರು ಬರೀ ಶೇಕಡಾ 5ರಷ್ಟು. ಮೂರು ವರ್ಷದಲ್ಲಿ ಶೇಕಡಾ 12. ಬಹುಪಾಲು ಜನ ಚಿಕಿತ್ಸೆಯನ್ನೇ ಪಡೆದಿರಲಿಲ್ಲ! ಅದೇ ಕಾಲದಲ್ಲಿ ಅಮೆರಿಕಾದ ಆಸ್ಪತ್ರೆಗಳಲ್ಲಿ ಹೆರಾಯಿನ್ ಬಿಡಿಸಿಕೊಂಡು ಹೋದವರಲ್ಲಿ ಹೆಚ್ಚಿನವರು ಮತ್ತೆ ಅದಕ್ಕೇ ಮರಳುತ್ತಿದ್ದರು. ಹಾಗಾಗಿ ರಾಬಿನ್ಸ್ ಮಾತನ್ನು ತುಂಬಾ ಜನ ನಂಬಲೇ ಇಲ್ಲ.

ವ್ಯತ್ಯಾಸ ಎಲ್ಲಿತ್ತು? ಆಸ್ಪತ್ರೆಯಿಂದ ಹೊರಬಂದವನು ಅದೇ ಬೀದಿ, ಅದೇ ಗೆಳೆಯರು, ಅದೇ ಮಾರಾಟಗಾರನ ಬಳಿಗೆ ಹೋಗ್ತಿದ್ದ. ಮಿದುಳು ನಶೆಯ ಜೊತೆಗೆ ಸೇದಿದ ಜಾಗ, ಹೊತ್ತು, ಮುಖಗಳನ್ನೂ ಕಲಿತಿಟ್ಟುಕೊಳ್ಳುತ್ತೆ. ಕಂಡ ಕೂಡಲೇ ಆಸೆ ಕೆರಳುತ್ತೆ. ಸೈನಿಕನಿಗೆ ಅವೆಲ್ಲ ಸಾಗರದಾಚೆ ಉಳಿದುಹೋಗಿದ್ದವು. ಊರಲ್ಲಿ ಹೆರಾಯಿನ್ ದುಬಾರಿ, ಪೊಲೀಸರ ಭಯ ಬೇರೆ.

ಹಾಗಂತ ಹೆರಾಯಿನ್ ಸಾಧು ಅಂತಲ್ಲ. ಯುದ್ಧಕ್ಕೆ ಮೊದಲೇ ಮಾದಕ ವಸ್ತು ಬಳಸುತ್ತಿದ್ದವರಲ್ಲಿ ಮತ್ತೆ ಜಾರುವ ಅಪಾಯ ಜಾಸ್ತಿಯಿತ್ತು. ಎಲ್ಲರಿಗೂ ಊರು ಬದಲಿಸೋಕೂ ಆಗಲ್ಲ.

ನಮ್ಮಲ್ಲಿ ಕುಡಿಯುವವನನ್ನು ತಿಂಗಳು ಕಾಲ ಕೇಂದ್ರಕ್ಕೆ ಸೇರಿಸಿ, ಬಿಡಿಸಿ, ಮತ್ತೆ ವೈನ್ ಶಾಪ್ ಎದುರಿನ ಅದೇ ಕಟ್ಟೆಗೆ ಕಳಿಸ್ತೀವಿ. ಅವನು ಮತ್ತೆ ಕುಡಿದರೆ "ಮನಸ್ಸು ಗಟ್ಟಿ ಇಲ್ಲ" ಅಂತೀವಿ. ಬಿಡಿಸುವ ಖರ್ಚಿನಲ್ಲಿ ಸ್ವಲ್ಪವನ್ನಾದರೂ ಅವನು ಮನೆಗೆ ಬಂದ ಮೇಲಿನ ದಿನಗಳಿಗೆ ಎತ್ತಿಡಬೇಕು: ಒಂದು ಕೆಲಸ, ಸಂಜೆ ಹೊತ್ತಿಗೆ ಬೇರೆ ಜೊತೆ, ತಪ್ಪದೆ ವೈದ್ಯರ ಭೇಟಿ.