ಇಳಿಜಾರು ನೆಲದ ಜಗಳ

ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಸ್ಟ್ರೋ ಥಿಯೇಟರ್ ಶುರುವಾದದ್ದು 1922ರಲ್ಲಿ. ಕಟ್ಟಿಸಿದ್ದು ನಾಸರ್ ಸಹೋದರರು. ಸುಮಾರು 1,400 ಸೀಟು. ಹೊರಗಿನಿಂದ ನೋಡಿದ್ರೆ ಮೆಕ್ಸಿಕೋದ ಹಳೇ ಚರ್ಚು ಅನ್ನಬೇಕು.

1970ರ ದಶಕದಲ್ಲಿ ಆ ಬಡಾವಣೆ ಸಲಿಂಗಿಗಳ ನೆಲೆಯಾಯ್ತು. ಹುಟ್ಟಿದ ಮನೆಯಲ್ಲೇ ಬಾಯಿಬಿಡಲಾಗದವರು ಇಲ್ಲಿ ಸಂಗಾತಿಯ ಪಕ್ಕ ನಿರಾಳವಾಗಿ ಕೂತು ಸಿನಿಮಾ ನೋಡಿದ್ರು. ಹೋರಾಟಗಾರ ಹಾರ್ವಿ ಮಿಲ್ಕ್‌ನ ಕ್ಯಾಮೆರಾ ಅಂಗಡಿ ಇದ್ದದ್ದೂ ಇದೇ ಬೀದೀಲಿ. ಅವನ ಕತೆಯ 'ಮಿಲ್ಕ್' (2008) ಚಿತ್ರೀಕರಣಕ್ಕೆ ಬಂದ ತಂಡವೇ ಥಿಯೇಟರಿನ ಮುಂಭಾಗಕ್ಕೆ ಬಣ್ಣ ಬಳಿದು, ನಿಯಾನ್ ದೀಪ ಸರಿಮಾಡಿತು.

ದೊಡ್ಡ ಜಗಳ ಶುರುವಾಗಿದ್ದು 2022ರಲ್ಲಿ. ಥಿಯೇಟರ್ ನಡೆಸಲು ಬಂದ ಸಂಗೀತ ಕಾರ್ಯಕ್ರಮಗಳ ಕಂಪನಿ, ಇಳಿಜಾರು ನೆಲದ ಖಾಯಂ ಸೀಟು ಕಿತ್ತು, ಬೇಕಾದಾಗ ಮಟ್ಟಸ ಮಾಡಿಕೊಳ್ಳೋ ನೆಲ ಹಾಕ್ತೀವಿ ಅಂತು. ಬರೀ ಸಿನಿಮಾ ನಂಬಿದ್ರೆ ಖರ್ಚು ಗಿಟ್ಟಲ್ಲ ಅನ್ನೋದು ಅವರ ವಾದ. ಸೀಟು ಹೋದ್ರೆ ಸಿನಿಮಾನೇ ಹೋದ ಹಾಗೆ ಅಂತ ಅಭಿಮಾನಿಗಳು. 2023ರಲ್ಲಿ ಕಂಪನಿಗೆ ಒಪ್ಪಿಗೆ ಸಿಕ್ತು, ಮರುವರ್ಷ ನವೀಕರಣಕ್ಕೆ ಬಾಗಿಲು ಹಾಕಿದರು. ಸಿನಿಮಾ ದಿನ ನೆಲ ಮತ್ತೆ ಇಳಿಜಾರಾಗುತ್ತೆ ಅಂತ ಮಾತು. ಅಂಥ ದಿನ ವರ್ಷಕ್ಕೆ ಎಷ್ಟು ಅಂತ ನಾನಾದ್ರೆ ಮೊದಲೇ ಬರೆಸಿಕೊಳ್ತಿದ್ದೆ.

ನೆಲಕ್ಕೆ ಇಷ್ಟು ರಂಪವಾ ಅಂತ ನಗಬೇಡಿ. ನಮ್ಮೂರ ಟೆಂಟಿನಲ್ಲಿ ನೆಲ ಮಟ್ಟಸವೇ ಇತ್ತು. ಮುಂದೆ ರುಮಾಲು ಸುತ್ತಿದ ಅಜ್ಜ ಕೂತ್ರೆ ಅರ್ಧ ಪರದೆ ಮಾಯ.